ಪಾಯ್ಸನ್ ಐವಿಯೂ ನಮ್ಮ ಕರಿಗೇರೂ

ಸಂಘದ ಬೇಸಿಗೆಯ ವನಭೋಜನದಲ್ಲಿ ಚಿತ್ರಾನ್ನ, ಮೊಸರನ್ನಗಳು ಮುಗಿದ ಮೇಲೆ ಹಗ್ಗಜಗ್ಗಾಟ ನಡೆಯುವುದು ವಾಡಿಕೆ. ಹೋದ ವರ್ಷ ಹಗ್ಗ ತರುವ ಹೊಣೆ ಹೊತ್ತವರು ಅದನ್ನು ಮನೆಯಲ್ಲೇ ಮರೆತು ಬಂದರು. ಆ ಹೊಣೆ ನಮ್ಮದೇ ಆಗಿತ್ತೆಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇವೆ. ದೊಡ್ಡವರು ಕಾಫಿ ಕುಡಿಯುತ್ತಾ ಕಾರ್ಯಕಾರಿ ಸಮಿತಿಯನ್ನು ಬಯ್ಯುತ್ತಾ ಕುಳಿತಿದ್ದಾಗ ಮಕ್ಕಳು ತಾವೇ ಒಂದು ಉಪಾಯ ಹುಡುಕಿಕೊಂಡವು. ಪಾರ್ಕಿನ ಅಂಚಿನ ಮೇಪಲ್ ಮರಕ್ಕೆ ಹೆಬ್ಬೆರಳಿನ ಗಾತ್ರದ ಒಂದು ಬಳ್ಳಿ ಹಬ್ಬಿತ್ತು. ಅದರ ಮೈತುಂಬ ಕಂದು ಬಣ್ಣದ ನಾರು ನಾರು ಬೇರುಗಳು, ಕರಡಿಯ ಬಾಲದ ಹಾಗೆ. ಅದನ್ನು ಕಿತ್ತು, ಕಲ್ಲಿನಿಂದ ಜಜ್ಜಿ ತುಂಡರಿಸಿ, ಎರಡು ಗುಂಪಾಗಿ ನಿಂತು ಎಳೆದಾಡಿದವು. ನೋಡಿದವರೆಲ್ಲ ಚಪ್ಪಾಳೆ ತಟ್ಟಿದೆವು.

ಸೋಮವಾರ ರಾತ್ರಿಯಿಂದ ಫೋನಿಗೆ ಬಿಡುವಿಲ್ಲ. ಒಬ್ಬರ ಮಗನಿಗೆ ಮೊಣಕೈವರೆಗೆ ಗುಳ್ಳೆ, ಇನ್ನೊಬ್ಬರ ಮಗಳಿಗೆ ಕಣ್ಣು ಮುಚ್ಚಿಹೋಗುವಷ್ಟು ಊತ. ನಮ್ಮ ಎಂಟು ವರ್ಷದ ಹುಡುಗನ ಎರಡು ಅಂಗೈಗಳ ಹಿಂಭಾಗವೂ ಕತ್ತೂ ಕೆಂಪಾಗಿ, ಗೆರೆ ಎಳೆದ ಹಾಗೆ ನೀರುಗುಳ್ಳೆಗಳು ಎದ್ದಿದ್ದವು. ವೈದ್ಯರು ನೋಡಿದೊಡನೆ ಪಾಯ್ಸನ್ ಐವಿ ಎಂದರು, ಮುಲಾಮು ಬರೆದುಕೊಟ್ಟರು.

ಆದರೆ ವೈದ್ಯರಿಗಿಂತ ಒಂದು ದಿನ ಮೊದಲೇ ಈ ರೋಗವನ್ನು ಗುರುತಿಸಿದವರು ನಮ್ಮ ಮನೆಯಲ್ಲೇ ಇದ್ದರು. ಆ ಬೇಸಿಗೆಗೆ ಸಾಗರದ ಕಡೆಯಿಂದ ಬಂದಿದ್ದ ನಮ್ಮ ತಾಯಿಯವರು ಭಾನುವಾರ ಸಂಜೆ ಹುಡುಗನ ಬಿಳಿ ಜುಬ್ಬವನ್ನು ಕೈಗೆತ್ತಿಕೊಂಡರು. ಪಾರ್ಕಿನಲ್ಲಿ ಏನೂ ಕಾಣದಿದ್ದ ಜಾಗದಲ್ಲಿ ಈಗ ಶಾಯಿ ಚೆಲ್ಲಿದಂತೆ ಕಪ್ಪು ಕಲೆಗಳು. ಸಾಬೂನು ಹಾಕಿ ಉಜ್ಜಿದರು, ನಿಂಬೆಹಣ್ಣು ಹಿಂಡಿದರು. ಕಲೆ ಅಲ್ಲಾಡಲಿಲ್ಲ. ಬೆಳಕಿಗೆ ಹಿಡಿದು ನೋಡಿ, "ಇದು ಗೇರಿನ ಕಲೆ ಕಣ್ರೋ, ಹೋಗಲ್ಲ. ಈ ಜುಬ್ಬ ಬೇರೆ ಇಡಿ. ಇನ್ನೊಂದು ಮಗೂಗೆ ಹಾಕ್ಬೇಡಿ" ಎಂದರು. ನಾವು ನಕ್ಕುಬಿಟ್ಟೆವು. ಅಮೆರಿಕದಲ್ಲಿ ಗೇರು ಎಲ್ಲಿಂದ ಬಂತಮ್ಮ, ಇಲ್ಲಿ ಗೇರು ಬರುವುದು ಡಬ್ಬಿಯಲ್ಲಿ, ಉಪ್ಪು ಹಾಕಿ ಹುರಿದು ಎಂದೆವು. ಅವರು ಮತ್ತೆ ಮಾತಾಡಲಿಲ್ಲ. ಜುಬ್ಬ ಒಗೆಯುವ ಬುಟ್ಟಿಯ ತಳ ಸೇರಿತು.

ಎರಡು ದಿನ ಬಿಟ್ಟು ಐದು ವರ್ಷದ ಮಗಳು ಅಣ್ಣನ ಜುಬ್ಬವನ್ನು ಬುಟ್ಟಿಯಿಂದ ಎಳೆದು ತೊಟ್ಟುಕೊಂಡು ಮಧ್ಯಾಹ್ನವೆಲ್ಲ ಮದುಮಗಳ ಆಟ ಆಡಿದಳು. ಏನೂ ಆಗಲಿಲ್ಲ. ನಾವೂ ಮರೆತೆವು. ಹತ್ತನೆಯ ದಿನ ಅವಳ ಎದೆ, ಹೊಟ್ಟೆಯ ಮೇಲೆಲ್ಲ ಗುಳ್ಳೆ. ಮಗು ನಾಲ್ಕು ರಾತ್ರಿ ನಿದ್ರೆ ಮಾಡಲಿಲ್ಲ. ಅಜ್ಜಿಯೂ ನಿದ್ರೆ ಮಾಡಲಿಲ್ಲ, ಆದರೆ ನಾನು ಹೇಳಿರಲಿಲ್ಲವೇ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಹಗಲು ಪ್ರಯೋಗಶಾಲೆಯಲ್ಲಿ ಸಾವಯವ ರಸಾಯನವನ್ನೇ ಉಂಡು ಉಡುವ ನಮಗೆ, ಕಲೆ ನೋಡಿಯೇ ಮರದ ಕುಲ ಹೇಳಿದ ಅಮ್ಮನ ಮಾತು ಸರಿಯೋ ತಪ್ಪೋ ಎಂದು ವಿಚಾರಿಸಲೂ ತೋಚಿರಲಿಲ್ಲ. ತಡವಾಗಿಯಾದರೂ ವಿಚಾರಿಸಿದೆವು. ಈ ಲೇಖನ ಅದರ ಫಲ.

ಮೊದಲು ಇಲ್ಲಿನ ಗಿಡದ ಕಥೆ. ಪೊಕಹಾಂಟಸಳ ಕಥೆಯಿಂದ ನಮ್ಮ ಮಕ್ಕಳಿಗೆಲ್ಲ ಪರಿಚಯವಿರುವ ಕ್ಯಾಪ್ಟನ್ ಜಾನ್ ಸ್ಮಿತ್ 1624ರಲ್ಲಿ ಅಚ್ಚು ಮಾಡಿಸಿದ ಇತಿಹಾಸದಲ್ಲಿ, ಬರ್ಮುಡಾ ದ್ವೀಪಗಳ ವರ್ಣನೆಯ ನಡುವೆ, ಇಂಗ್ಲೆಂಡಿನ ಐವಿ ಬಳ್ಳಿಯನ್ನೇ ಹೋಲುವ ಒಂದು ವಿಷದ ಕಳೆಯ ಪ್ರಸ್ತಾಪವಿದೆ. ಮುಟ್ಟಿದರೆ ಚರ್ಮ ಕೆಂಪಾಗಿ, ತುರಿಸಿ, ಕೊನೆಗೆ ಗುಳ್ಳೆ ಏಳುತ್ತದೆ, ಆಮೇಲೆ ತಾನಾಗಿ ಮಾಯುತ್ತದೆ ಎಂದು ಬರೆದು, ಪಾಪ ಅದು ಅಷ್ಟೇನೂ ಕೆಟ್ಟ ಗಿಡವಲ್ಲ, ಸುಮ್ಮನೆ ಕೆಟ್ಟ ಹೆಸರು ಪಡೆದಿದೆ ಎಂದು ಸಮಾಧಾನವನ್ನೂ ಹೇಳಿದ್ದಾರೆ. ನಾಲ್ಕು ರಾತ್ರಿ ಮಗುವನ್ನು ಎತ್ತಿಕೊಂಡು ಓಡಾಡಿದ್ದರೆ ಹೀಗೆ ಬರೆಯುತ್ತಿದ್ದರೇ ಎಂಬುದು ಬೇರೆ ಮಾತು. ಐವಿ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ನಿಜಕ್ಕೂ ಈ ಬಳ್ಳಿಗೂ ಇಂಗ್ಲೆಂಡಿನ ಐವಿಗೂ ಯಾವ ನೆಂಟಸ್ತಿಕೆಯೂ ಇಲ್ಲ.

ಸ್ವೀಡನ್ನಿನ ಮಹಾ ಸಸ್ಯಶಾಸ್ತ್ರಜ್ಞ ಲಿನೇಯಸರ ಶಿಷ್ಯ ಪೆಹ್ರ್ ಕಾಲ್ಮ್ 1748ರಿಂದ 1751ರವರೆಗೆ ಉತ್ತರ ಅಮೆರಿಕದಲ್ಲಿ ಸಂಚರಿಸಿದರು. ಇಲ್ಲಿನ ಜೌಗು ನೆಲದಲ್ಲಿ ಬೆಳೆಯುವ, ಇಂದು ಪಾಯ್ಸನ್ ಸುಮಾಕ್ ಎನ್ನುವ ಮರವನ್ನು ಅವರು ತಮ್ಮ ಮೈಮೇಲೇ ಪರೀಕ್ಷಿಸಿದರು. ಎಷ್ಟೋ ಸಲ ಅದರ ರಸ ಕೈಗೆ ಬಳಿದುಕೊಂಡರೂ ಅವರಿಗೆ ಏನೂ ಆಗಲಿಲ್ಲ. ಕೊನೆಗೊಂದು ದಿನ ಚೆನ್ನಾಗಿಯೇ ತುರಿಸಿತು. ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಆ ಮರವನ್ನು ಧಾರಾಳವಾಗಿ ಮುಟ್ಟಬಲ್ಲಳು, ಇನ್ನೊಬ್ಬಳಿಗೆ ಅದರ ಹತ್ತಿರ ಸುಳಿಯುವುದೂ ಕಷ್ಟ ಎಂಬುದನ್ನೂ ಅವರು ಗುರುತು ಹಾಕಿಕೊಂಡರು. ವಿಷವೆಂದರೆ ಎಲ್ಲರಿಗೂ ವಿಷವಾಗಬೇಕಲ್ಲವೇ? ಇದು ಹಾಗಲ್ಲ ಎಂಬ ಸುಳಿವು ಅಲ್ಲೇ ಇತ್ತು. ಅದು ಬಿಡಿಸಿಕೊಳ್ಳಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

1753ರಲ್ಲಿ ಲಿನೇಯಸರು ಜಗತ್ತಿನ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟಾಗ ಪಾಯ್ಸನ್ ಐವಿಯನ್ನೂ ಈ ಜೌಗಿನ ಮರವನ್ನೂ ನಿರಪಾಯದ ಸುಮಾಕ್ ಗಿಡಗಳ ಜೊತೆಗೇ ಸೇರಿಸಿ, ಎಲ್ಲಕ್ಕೂ ರಸ್ ಎಂಬ ಒಂದೇ ಮನೆತನದ ಹೆಸರು ಕೊಟ್ಟರು. ಊರಿನಲ್ಲಿ ಹೋಮಿಯೋಪತಿ ಗುಳಿಗೆ ನುಂಗಿದವರಿಗೆ ರಸ್ ಟಾಕ್ಸ್ ಎಂಬ ಹೆಸರು ನೆನಪಿರಬಹುದು. ಅದು ಈ ಪಾಯ್ಸನ್ ಐವಿ ಬಳಗದ್ದೇ. ಜಪಾನಿನ ಅರಗುಮರವನ್ನೂ ಅಮೆರಿಕದ ಜೌಗಿನ ಮರವನ್ನೂ ಲಿನೇಯಸರು ಒಂದೇ ಮರವೆಂದು ತಿಳಿದು ರಸ್ ವೆರ್ನಿಕ್ಸ್, ಅಂದರೆ ವಾರ್ನಿಷ್ ಸುಮಾಕ್, ಎಂದು ಕರೆದರು. ತಪ್ಪು ತಪ್ಪೇ, ಆದರೆ ಬಲು ಬೆಲೆಯುಳ್ಳ ತಪ್ಪು. ಎರಡೂ ಮರಗಳ ಒಳಗಿರುವುದು ಬಹುಮಟ್ಟಿಗೆ ಒಂದೇ ಪದಾರ್ಥವೆಂದು ಮುಂದೆ ತಿಳಿದುಬಂತು. ಕಚ್ಚುವ ಗಿಡಗಳನ್ನು ಬೇರೆ ಮನೆ ಮಾಡಿ ಟಾಕ್ಸಿಕೋಡೆಂಡ್ರಾನ್, ಎಂದರೆ ವಿಷವೃಕ್ಷ, ಎನ್ನಬೇಕೆಂದು ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ 1754ರಲ್ಲೇ ಬರೆದಿದ್ದರು. ಪಾಲುಪಟ್ಟಿ ಗಟ್ಟಿಯಾದದ್ದು 1971ರಲ್ಲಿ, ವಿಲಿಯಂ ಗಿಲ್ಲಿಸ್ ಅವರ ವಿವರವಾದ ಅಧ್ಯಯನದಿಂದ.

ಈ ಪಾಲಾದ ಮೇಲೆ ರಸ್ ಮನೆಯಲ್ಲಿ ಉಳಿದ ಸುಮಾಕುಗಳು ಸಾಧು ಗಿಡಗಳು. ಹೆದ್ದಾರಿಯ ಎರಡೂ ಬದಿ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದಂತೆ ಕೆಂಪಾಗುವ, ಕೊಂಬೆಯ ತುದಿಯಲ್ಲಿ ದೀಪದ ಕುಡಿಯ ಹಾಗೆ ನೆಟ್ಟಗೆ ನಿಂತ ಕೆಂಪು ಗೊಂಚಲುಗಳಿರುವ ಗಿಡ ಇವುಗಳಲ್ಲೊಂದು. ಅದರ ಎಳೆಯ ಕೊಂಬೆಗಳಿಗೆ ಜಿಂಕೆಯ ಕೊಂಬಿನ ಮೇಲಿನ ಮಖಮಲ್ಲಿನಂಥ ರೋಮವಿರುವುದರಿಂದ ಸ್ಟ್ಯಾಗ್‌ಹಾರ್ನ್ ಸುಮಾಕ್ ಎಂದು ಹೆಸರು. ಇಲ್ಲಿನ ಮೂಲನಿವಾಸಿಗಳು ಆ ಗೊಂಚಲನ್ನು ತಣ್ಣೀರಿನಲ್ಲಿ ನೆನೆಸಿ ಹುಳಿ ಪಾನಕ ಮಾಡುತ್ತಿದ್ದರು. ಪಶ್ಚಿಮ ಏಷ್ಯಾದಲ್ಲಿ ಇದರ ಸೋದರ ಗಿಡದ ಹಣ್ಣನ್ನು ಪುಡಿ ಮಾಡಿ ಕಬಾಬಿನ ಮೇಲೆ, ಅನ್ನದ ಮೇಲೆ ಉದುರಿಸುತ್ತಾರೆ. ಇರಾನಿ ಹೋಟೆಲಿನ ಮೇಜಿನ ಮೇಲೆ ಕುಂಕುಮದ ಬಟ್ಟಲಿನಂತೆ ಇಟ್ಟಿರುವುದನ್ನು ನೀವೂ ನೋಡಿರಬಹುದು. ಸಿಸಿಲಿ ದ್ವೀಪದಲ್ಲಿ ಅದೇ ಗಿಡದ ಎಲೆ ಬೀಸಿ ಚರ್ಮ ಹದ ಮಾಡಲು ಜಗತ್ತಿಗೆಲ್ಲ ಮಾರುತ್ತಿದ್ದರು. ಪುಸ್ತಕಕ್ಕೆ ಕಟ್ಟುವ ಮೇಕೆಯ ತೊಗಲಿಗೆ ಸುಮಾಕಿನ ಹದಕ್ಕಿಂತ ಮೇಲಿಲ್ಲ ಎಂದು ಲಂಡನ್ನಿನ ಕಲೆಗಳ ಸಂಘದ ಸಮಿತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತೀರ್ಪು ಕೊಟ್ಟಿತ್ತು. ವಿಷದ ಸುಮಾಕನ್ನು ಗುರುತಿಸುವುದು ಕಷ್ಟವಲ್ಲ. ಅದು ಜೌಗಿನಲ್ಲೇ ಬೆಳೆಯುತ್ತದೆ, ಅದರ ಕಾಯಿ ಬಿಳಿ, ಗೊಂಚಲು ಜೋಲುಬೀಳುತ್ತದೆ. ಪಾಯ್ಸನ್ ಐವಿಯ ಕಾಯಿಯೂ ಬಿಳಿಯೇ, ಎಲೆ ಮಾತ್ರ ಮೂರು ಮೂರು.

ಇನ್ನು ಗೇರಿಗೆ ಬರೋಣ. ಅಮ್ಮ ಹೇಳಿದ ಗೇರು ಡಬ್ಬಿಯ ಗೋಡಂಬಿ ಅಲ್ಲ. ನಾವು ನಕ್ಕದ್ದು ಆ ತಪ್ಪು ತಿಳಿವಳಿಕೆಯಿಂದ. ಅವರ ಮನಸ್ಸಿನಲ್ಲಿದ್ದದ್ದು ಕಾಡಿನ ಕರಿಗೇರು, ಸಂಸ್ಕೃತದ ಭಲ್ಲಾತಕ, ಮರಾಠಿಯ ಬಿಬ್ಬೆ, ಹಿಂದಿಯ ಭಿಲಾವಾ. ಕಿತ್ತಳೆ ಬಣ್ಣದ ತಿರುಳಿನ ಮೇಲೆ ಕಪ್ಪಾಗಿ ಹೊಳೆಯುವ, ಹೃದಯದ ಆಕಾರದ ಒಂದು ಬೀಜ ಕುಳಿತಿರುತ್ತದೆ. ತಿರುಳನ್ನು ಚಿಕ್ಕಂದಿನಲ್ಲಿ ಸುಟ್ಟುಕೊಂಡು ತಿಂದಿದ್ದೇವೆ ಎಂದು ಅಮ್ಮ ಹೇಳುತ್ತಾರೆ. ಬೀಜದ ಸಿಪ್ಪೆಯೊಳಗಿನ ಎಣ್ಣೆ ಮಾತ್ರ ಮೈಗೆ ತಾಗಿದರೆ ಸುಟ್ಟಂತೆ ಗುಳ್ಳೆ. ಮಲೆನಾಡಿನಲ್ಲಿ ಇದಕ್ಕೆ ಇನ್ನೂ ಉಗ್ರನಾದ ಒಬ್ಬ ದಾಯಾದಿ ಇದ್ದಾನೆ, ಹೊಳಗೇರು. ಅದರ ಕೆಳಗೆ ಮಳೆಗೆ ನಿಂತರೂ ಮುಖ ಊದುತ್ತದೆಂದು ಸೌದೆಗೆ ಹೋಗುವವರು ಹೆದರುತ್ತಿದ್ದರು. ಸಸ್ಯಶಾಸ್ತ್ರಜ್ಞರು ಆ ಮರದ ಕುಲಕ್ಕೆ ಹೊಲಿಗಾರ್ನಾ ಎಂಬ ಹೆಸರಿಟ್ಟದ್ದು ನಮ್ಮ ಕನ್ನಡದ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿ.

ಗೇರು ಎಂಬುದು ಬಹಳ ಹಳೆಯ ಮಾತು. ತಮಿಳರು ಈ ಬೀಜಕ್ಕೆ ಚೇರಾಂಕೊಟ್ಟೈ ಎನ್ನುತ್ತಾರೆ, ಮಲಯಾಳಿಗಳು ಮರವನ್ನು ಚೇರ್ ಎನ್ನುತ್ತಾರೆ. ನಮ್ಮ ಕಿವಿ ಅವರಲ್ಲಿ ಚೆವಿ ಆಗುವಂತೆ, ನಮ್ಮ ಗೇರು ಅವರಲ್ಲಿ ಚೇರು. ಹೀಗೆ ದಕ್ಷಿಣದ ಭಾಷೆಗಳು ಬೇರೆ ಬೇರೆ ಮನೆ ಮಾಡುವ ಮೊದಲಿನಿಂದಲೂ ಇದ್ದ ಹೆಸರು, ಸುಮಾರು 450 ವರ್ಷಗಳ ಹಿಂದೆ ಹಡಗಿನಲ್ಲಿ ಬಂದ ಒಂದು ಬ್ರೆಜಿಲಿನ ಮರಕ್ಕೆ ದತ್ತು ಹೋಯಿತು.

ಆ ಮರ ಬಂದ ಕಾಲವನ್ನು ಇಬ್ಬರು ವೈದ್ಯರ ಪುಸ್ತಕಗಳಿಂದ ಊಹಿಸಬಹುದು. ಗೋವೆಯಲ್ಲಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಭಾರತದ ಔಷಧಿ ಸಸ್ಯಗಳ ಮೇಲೆ ಬರೆದ ಗ್ರಂಥದಲ್ಲಿ ಕರಿಗೇರಿಗೆ ಒಂದು ಅಧ್ಯಾಯವೇ ಇದೆ, ಗೋಡಂಬಿಯ ಸುದ್ದಿ ಇಲ್ಲ. 1578ರಲ್ಲಿ ಕ್ರಿಸ್ಟೊವಾವ್ ದ ಕೋಸ್ಟಾ ಪ್ರಕಟಿಸಿದ ಗ್ರಂಥದಲ್ಲಿ ಕೊಚ್ಚಿಯ ತೋಟಗಳಲ್ಲಿ ಗೋಡಂಬಿ ಮರ ಕಾಣಿಸಿಕೊಳ್ಳುತ್ತದೆ. ಈ ನಡುವೆ ಎಲ್ಲೋ ಪೋರ್ಚುಗೀಸರು ಅದನ್ನು ತಂದು ನೆಟ್ಟಿರಬೇಕು. ಬ್ರೆಜಿಲಿನ ತುಪಿ ಜನರು ಅದನ್ನು ಅಕಾಜು ಎನ್ನುತ್ತಿದ್ದರು. ಅದರಿಂದಲೇ ಪೋರ್ಚುಗೀಸರ ಕಾಜು, ಉತ್ತರ ಭಾರತದ ಕಾಜೂ, ಇಂಗ್ಲಿಷರ ಕ್ಯಾಷ್ಯೂ. ಆದರೆ ಕನ್ನಡ ಕರಾವಳಿಯವರು ಪರದೇಶದ ಹೆಸರಿಗೆ ಹೋಗಲಿಲ್ಲ. ಹಣ್ಣಿನ ತುದಿಗೆ ಬೀಜ ಅಂಟಿಕೊಂಡಿದೆ, ಬೀಜದ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ, ಒಳಗಿನ ತಿರುಳು ರುಚಿ. ಇದು ನಮ್ಮ ಗೇರಿನ ಜಾತಿಯೇ ಎಂದು ಗೇರು ಎಂದೇ ಕರೆದರು. ಕ್ರಮೇಣ ಹೊಸಬನೇ ಗೇರಾಗಿ, ಹಳಬ ಕರಿಗೇರಾದ. ಗೋಡಂಬಿ ಎಂಬ ಮಾತಿನ ಕಥೆಯೂ ಇಂಥದ್ದೇ. ಮರಾಠಿಯಲ್ಲಿ ಇಂದಿಗೂ ಗೋಡಂಬಿ ಎಂದರೆ ಬಿಬ್ಬೆಯ ಒಳಗಿನ ತಿರುಳು. ನಮ್ಮಲ್ಲಿ ಅದು ಪಾಯಸದ ಗೋಡಂಬಿ.

ಇದೇ ನಾಟಕ ಯೂರೋಪಿನಲ್ಲೂ ನಡೆದದ್ದು ನಮಗೆ ಬಹಳ ಸ್ವಾರಸ್ಯವೆನಿಸಿತು. ನಮ್ಮ ಭಲ್ಲಾತಕ ಅರಬರಲ್ಲಿ ಬಲಾಧುರ್ ಆಗಿ, ಜ್ಞಾಪಕಶಕ್ತಿ ಹೆಚ್ಚಿಸುವ ಔಷಧವೆಂದು ಹೆಸರಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಇತಿಹಾಸಕಾರ ಅಲ್ ಬಲಾಧುರಿಗೆ ಆ ಹೆಸರು ಬಂದದ್ದೇ ಈ ಕಷಾಯವನ್ನು ಅಳತೆ ಮೀರಿ ಕುಡಿದು ಬುದ್ಧಿಭ್ರಮಣೆಯಾದದ್ದರಿಂದ ಎಂದು ಪ್ರತೀತಿ. ಕುಡಿದವರು ಅವರಲ್ಲ, ಅವರ ಅಜ್ಜ ಎಂಬ ಮಾತೂ ಇದೆ. ಪರೀಕ್ಷೆಗೆ ಓದುವ ನಮ್ಮ ಯುವಕರು ಗಮನಿಸಬೇಕು. ಯೂರೋಪಿನ ವೈದ್ಯರು ಇದೇ ಬೀಜವನ್ನು ಹೃದಯದಾಕಾರದ್ದೆಂದು ಅನಕಾರ್ಡಿಯಂ ಎಂದು ಕರೆದರು. ಗೋಡಂಬಿ ಅಲ್ಲಿಗೆ ಹೋದಾಗ ಅವರೂ ನಮ್ಮವರಂತೆಯೇ ಇದು ಅದರ ಜಾತಿ ಎಂದರು. 1753ರಲ್ಲಿ ಲಿನೇಯಸರು ಅನಕಾರ್ಡಿಯಂ ಎಂಬ ಹೆಸರನ್ನು ಗೋಡಂಬಿಗೇ ಕೊಟ್ಟು, ಪಶ್ಚಿಮದ್ದು ಎಂಬ ವಿಶೇಷಣ ಸೇರಿಸಿಬಿಟ್ಟರು. ಹೆಸರಿನ ಮೂಲ ಒಡೆಯನಾದ ನಮ್ಮ ಕರಿಗೇರು ಹೆಸರಿಲ್ಲದೆ ಉಳಿಯಿತು. ಅದಕ್ಕೆ ಲಿನೇಯಸರ ಮಗ 1782ರಲ್ಲಿ ಸೆಮೆಕಾರ್ಪಸ್ ಅನಕಾರ್ಡಿಯಂ ಎಂದು ಹೊಸ ನಾಮಕರಣ ಮಾಡಿದರು. ಸೆಮೆಕಾರ್ಪಸ್ ಎಂದರೆ ಗುರುತಿನ ಕಾಯಿ. ಸಾಗರದಲ್ಲಿ ಒಂದು ರೀತಿ, ಸ್ವೀಡನ್ನಿನಲ್ಲಿ ಒಂದು ರೀತಿ, ಎರಡು ಕಡೆಯೂ ಮನೆಯ ಹೆಸರು ನೆಂಟನ ಪಾಲಾಯಿತು.

ಗುರುತಿನ ಕಾಯಿ ಯಾಕೆಂದರೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಇದರಿಂದಲೇ. ಬೀಜಕ್ಕೆ ಸೂಜಿ ಚುಚ್ಚಿ, ಹೊರಬಂದ ಎಣ್ಣೆಯಿಂದ ಬಟ್ಟೆಯ ಅಂಚಿನಲ್ಲಿ ಚುಕ್ಕೆ, ಗೀಟು ಇಟ್ಟು, ಮೇಲೆ ಸುಣ್ಣದ ನೀರು ತಾಗಿಸಿದರೆ ಕಪ್ಪು ಕಚ್ಚಿಕೊಂಡುಬಿಡುತ್ತದೆ. ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಮನೆಮನೆಗೆ ಬೇರೆ ಗುರುತು, ಕಾಗದವಿಲ್ಲದ ಲೆಕ್ಕ. ಪೊಲೀಸರು ಅನಾಥ ಶವದ ಜಾಡನ್ನು ಮಡಿವಾಳರ ಗುರುತಿನಿಂದ ಹಿಡಿದದ್ದುಂಟು. ಅದೇ ಪೊಲೀಸರಿಗೆ ಇದೇ ಬೀಜ ತಲೆನೋವೂ ಆಗಿತ್ತು. ಎದುರಾಳಿಯ ಮೇಲೆ ಸುಳ್ಳು ದೂರು ಕೊಡುವವರು ಮೈಗೆ ಗೇರೆಣ್ಣೆ ಸವರಿಕೊಂಡು ಬಾಸುಂಡೆ ಎಬ್ಬಿಸಿಕೊಂಡು ಠಾಣೆಗೆ ಹೋಗುತ್ತಿದ್ದರು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಓದುವ ಮೋದಿಯವರ ನ್ಯಾಯವೈದ್ಯಶಾಸ್ತ್ರದಲ್ಲಿ, ನಿಜವಾದ ಪೆಟ್ಟನ್ನೂ ಗೇರಿನ ಬಾಸುಂಡೆಯನ್ನೂ ಬೇರ್ಪಡಿಸುವ ಬಗೆ ಬರೆದಿದೆ. ಗೇರಿನದಾದರೆ ತುರಿಕೆ ಇರುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆ ಇರುತ್ತದೆ, ಕೆರೆದ ಬೆರಳ ತುದಿಯಲ್ಲೂ ಇರುತ್ತದೆ.

ಅಮೆರಿಕದ ಐವಿಗೂ ನಮ್ಮ ಗೇರಿಗೂ ಮುಖಾಮುಖಿಯಾದದ್ದು ಎರಡನೆಯ ಮಹಾಯುದ್ಧದಲ್ಲಿ. ಅಸ್ಸಾಮಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಬಟ್ಟೆಗಳನ್ನು ಅಲ್ಲಿನ ಧೋಬಿಗಳಿಗೆ ಹಾಕುತ್ತಿದ್ದರು. ಒಬ್ಬೊಬ್ಬರಾಗಿ ಕತ್ತಿನ ಹಿಂದೆ, ಸೊಂಟದ ಸುತ್ತ ಗುಳ್ಳೆ ಎದ್ದು ಸೈನ್ಯದ ಆಸ್ಪತ್ರೆಗೆ ಬರತೊಡಗಿದರು. ಗುಳ್ಳೆಯಿದ್ದ ಜಾಗಕ್ಕೆ ಸರಿಯಾಗಿ ಕಾಲರಿನ, ಪಟ್ಟಿಯ ಒಳಗೆ ಒಂದು ಕಪ್ಪು ಗುರುತು. ಲಿವಿಂಗುಡ್, ರಾಜರ್ಸ್, ಫಿಟ್ಸ್‌ಹ್ಯೂ ಎಂಬ ವೈದ್ಯರು 1943ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಇದನ್ನು ಧೋಬಿ ಗುರುತಿನ ಚರ್ಮರೋಗವೆಂದು ವರ್ಣಿಸಿದರು. ತೊಡೆಸಂದಿಯ ಹುಳುಕಡ್ಡಿಗೂ ಬಿಳಿಯರು ಧೋಬಿಯ ತುರಿಕೆ ಎಂದೇ ಹೆಸರಿಟ್ಟಿದ್ದರಿಂದ ಗೊಂದಲವೂ ಇತ್ತು. ಹುಳುಕಡ್ಡಿ ಬೂಷ್ಟಿನಿಂದ ಬರುವುದು, ಅದರಲ್ಲಿ ಧೋಬಿಯ ಪಾಲೇನೂ ಇಲ್ಲ. ಇಲ್ಲಿ ನಮಗೆ ಒಂದು ಮಾತು ಹೇಳದೆ ಇರಲಾಗದು. ಸಾವಿರಾರು ವರ್ಷ ದಿನವೂ ಆ ಬೀಜಕ್ಕೆ ಸೂಜಿ ಚುಚ್ಚಿದ ಬೆರಳುಗಳ ಬಗ್ಗೆ ಬರೆದ ಪ್ರಬಂಧವನ್ನು ನಾವು ಹುಡುಕಿದ ಕಡೆಯಲ್ಲಿ ಕಾಣಲಿಲ್ಲ. ಸೈನಿಕರ ಕತ್ತು ತುರಿಸಿದ ಕೂಡಲೇ ಪ್ರಬಂಧ ಬಂತು.

ಅಷ್ಟರಲ್ಲಿ ರಸಾಯನಶಾಸ್ತ್ರಜ್ಞರು ಕೆಲಸ ಮಾಡುತ್ತಿದ್ದರು. ನಮ್ಮ ಕಸುಬಿನ ಮಾತಾದ್ದರಿಂದ ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ಜಪಾನಿನಲ್ಲಿ ಅರಗುಮರದ ತೊಗಟೆ ಗೀರಿ ತೆಗೆದ ಹಾಲಿಗೆ ಉರುಶಿ ಎನ್ನುತ್ತಾರೆ. ಮರದ ಬಟ್ಟಲಿಗೆ ಬಳಿದಾಗ ಅದು ಬಿಸಿಲಿನಲ್ಲಿ ಒಣಗುವುದಿಲ್ಲ, ತೇವದ ಪೆಟ್ಟಿಗೆಯಲ್ಲಿಟ್ಟರೆ ಗಟ್ಟಿಯಾಗುತ್ತದೆ. ಈ ವಿಚಿತ್ರವನ್ನು ಬೆನ್ನುಹತ್ತಿದ ಯೋಶಿದಾ ಹಿಕೊರೊಕುರೊ 1883ರಲ್ಲಿ, ಹಾಲನ್ನು ಕಾಯಿಸಿಬಿಟ್ಟರೆ ಅದು ಗಟ್ಟಿಯಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ, ಆದ್ದರಿಂದ ಅದರಲ್ಲಿ ಕಿಣ್ವದಂಥ ಪದಾರ್ಥವೊಂದಿದೆ ಎಂದು ತೋರಿಸಿದರು. ಫ್ರಾನ್ಸಿನ ಬೆರ್ಟ್ರಾಂ 1894ರಲ್ಲಿ ಅದಕ್ಕೆ ಲ್ಯಾಕೇಸ್ ಎಂದು ಹೆಸರಿಟ್ಟರು. ಗಾಳಿಯ ಆಮ್ಲಜನಕವನ್ನು ಹಿಡಿದು ಬಣ್ಣವಿಲ್ಲದ ರಸವನ್ನು ಕಪ್ಪು ಪದರವಾಗಿ ಹೆಣೆಯುವುದು ಅದರ ಕೆಲಸ. ಹುಡುಗನ ಜುಬ್ಬದ ಮೇಲೆ ಪಾರ್ಕಿನಲ್ಲಿ ಕಾಣದ ಕಲೆ ಸಂಜೆಗೆ ಕಪ್ಪಾದದ್ದು ಇದೇ ಕೆಲಸದಿಂದ. ಅಂದರೆ ನಮ್ಮ ಜುಬ್ಬಕ್ಕೆ ಒಂದಿಷ್ಟು ಜಪಾನೀ ಅರಗಿನ ಲೇಪವಾಗಿತ್ತು.

ಆ ರಸದ ಮುಖ್ಯ ಪದಾರ್ಥಕ್ಕೆ ಉರುಶಿಯಾಲ್ ಎಂದು ಹೆಸರು. ಅದರ ರಚನೆಯನ್ನು ವರ್ಷಗಟ್ಟಲೆ ದುಡಿದು 1922ರ ಹೊತ್ತಿಗೆ ಬಿಡಿಸಿದವರು ಮಜಿಮಾ ರಿಕೊ. ಸುಲಭವಾಗಿ ಹೇಳುವುದಾದರೆ ಅದಕ್ಕೊಂದು ತಲೆ, ಒಂದು ಬಾಲ. ತಲೆ ಆರು ಇಂಗಾಲದ ಉಂಗುರ, ಅದರಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪುಗಳು. ನಾವು ಕ್ಯಾಟಿಕಾಲ್ ಎನ್ನುವುದು ಇದನ್ನೇ. ಬಾಲ ಹದಿನೈದು ಇಂಗಾಲದ ಸರಪಣಿ. ಎಣ್ಣೆಯಂಥ ಬಾಲ ಚರ್ಮದೊಳಗೆ ನುಸುಳುತ್ತದೆ, ತಲೆ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ದೇಹದ ಕಾವಲುಗಾರ ಕಣಗಳು ಅದನ್ನು ಕಂಡು ಇದು ನಮ್ಮ ಮನೆಯದಲ್ಲ ಎಂದು ಜಗಳ ತೆಗೆಯುತ್ತವೆ. ಗುಳ್ಳೆ ಆ ಜಗಳದ ಫಲ, ವಿಷದ ಫಲವಲ್ಲ. ಮೊದಲ ಸಲ ಕಾವಲುಗಾರರಿಗೆ ಮುಖಪರಿಚಯವಾಗಲು ವಾರ, ಹತ್ತು ದಿನ, ಕೆಲವೊಮ್ಮೆ ಮೂರು ವಾರವೂ ಬೇಕು. ಪರಿಚಯವಾದ ಮೇಲೆ ಒಂದೆರಡು ದಿನ ಸಾಕು. ಹಿಂದಿನ ವರ್ಷ ಶಾಲೆಯ ಶಿಬಿರದಲ್ಲಿ ಸ್ವಲ್ಪ ತುರಿಸಿಕೊಂಡು ಬಂದಿದ್ದ ಮಗನಿಗೆ ಎರಡೇ ದಿನದಲ್ಲಿ, ಏನೂ ಅರಿಯದ ಮಗಳಿಗೆ ಹತ್ತನೆಯ ದಿನ ಗುಳ್ಳೆ ಎದ್ದದ್ದರ ಗುಟ್ಟು ಇದು. ಕಾಲ್ಮ್ ಕಂಡ ಅಕ್ಕತಂಗಿಯರ ಗುಟ್ಟೂ ಇದೇ ಜಾತಿಯದು. ಎಲ್ಲರ ಕಾವಲುಗಾರರೂ ಒಂದೇ ಸಮ ಜಗಳಗಂಟರಲ್ಲ.

ಇನ್ನು ಅಮ್ಮನ ಮಾತಿನ ಪರೀಕ್ಷೆ. 1931ರಲ್ಲಿ ಪಿಳ್ಳೈ ಮತ್ತು ಸಲೀಮುಜ್ಜಮಾನ್ ಸಿದ್ದೀಕಿ ಅವರು ನಮ್ಮ ಕರಿಗೇರಿನ ಬೀಜದಿಂದ ಒಂದು ಪದಾರ್ಥವನ್ನು ಬೇರ್ಪಡಿಸಿ ಭಿಲಾವನಾಲ್ ಎಂದು ಕರೆದಿದ್ದರು. ಅಮೆರಿಕದ ಹೋವರ್ಡ್ ಮೇಸನ್ 1945ರಲ್ಲಿ, ಪಾಯ್ಸನ್ ಐವಿಯ ಮೇಲಿನ ತಮ್ಮ ಲೇಖನಮಾಲೆಯ ಒಂದು ಕಂತಾಗಿ, ಅದರ ರಚನೆಯನ್ನು ತೋರಿಸಿದರು. ಅದೇ ತಲೆ, ಅದೇ ಹದಿನೈದರ ಬಾಲ. ಬಾಲದಲ್ಲಿನ ಜೋಡಿಬಂಧಗಳನ್ನು ಜಲಜನಕದಿಂದ ತುಂಬಿಬಿಟ್ಟರೆ ಭಿಲಾವನಾಲಿಗೂ ಉರುಶಿಯಾಲಿಗೂ ಭೇದವೇ ಇಲ್ಲ. 1953ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಸನ್ ಮತ್ತು ಸೈಮ್ಸ್ ಐವಿಯ ಉರುಶಿಯಾಲನ್ನೂ ಗೋಡಂಬಿ ಸಿಪ್ಪೆಯ ಕಾರ್ಡನಾಲ್, ಕಾರ್ಡಾಲ್‌ಗಳನ್ನೂ ಒಂದೇ ಪ್ರಬಂಧದಲ್ಲಿ ಬಿಡಿಸಿಟ್ಟರು. ಅವುಗಳಲ್ಲೂ ಅದೇ ಹದಿನೈದರ ಬಾಲ, ತಲೆಯಲ್ಲಿ ಮಾತ್ರ ಸ್ವಲ್ಪ ಬದಲಾವಣೆ. 1980ರಲ್ಲಿ ಗುಯಿನ್ ಎಂಬ ಚರ್ಮವೈದ್ಯರು, ಗಿಡ ಐವಿಯ ಜಾತಿಯೋ ಅಲ್ಲವೋ ಎಂದು ತಿಳಿಯಲು ಎಲೆಯನ್ನು ಬಿಳಿ ಕಾಗದದ ನಡುವೆ ಜಜ್ಜಿ, ಕಲೆ ಕಪ್ಪಾಗುತ್ತದೆಯೇ ನೋಡಿ ಎಂದು ಬರೆದರು. ಇದಕ್ಕೆ ಕಪ್ಪುಕಲೆಯ ಪರೀಕ್ಷೆ ಎಂದೇ ಹೆಸರು. ಈ ಪ್ರಬಂಧವನ್ನು ಓದಿದ ರಾತ್ರಿ ನಾವು ಅಮ್ಮನಿಗೆ ಅದರ ಸಾರಾಂಶ ಹೇಳಿದೆವು. "ಅದಕ್ಕೆ ಕಾಗದ ಯಾಕೆ, ಜುಬ್ಬ ಇತ್ತಲ್ಲ" ಎಂದರು.

ಈ ಬಳಗ ನಮ್ಮ ಅಡಿಗೆಮನೆಯಲ್ಲಿ ಎಷ್ಟು ಜಾಗ ಹಿಡಿದಿದೆ ನೋಡಿ. ಗೋಡಂಬಿ, ಪಿಸ್ತಾ, ಚಾರೋಳಿ, ಅಮಟೆಕಾಯಿ, ಮಾವು ಎಲ್ಲ ಒಂದೇ ಕುಟುಂಬ. ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿ ಸುಡುವುದು ಯಾಕೆಂದು ಈಗ ಬೇರೆ ಹೇಳಬೇಕಿಲ್ಲ. ಸಾಗರದ ಕಡೆ ಅಪ್ಪೆಮಿಡಿಯ ಉಪ್ಪಿನಕಾಯಿಗೆ ಆ ಸೊನೆಯ ಪರಿಮಳವೇ ಜೀವ. ಐವಿಯಿಂದ ಗುಳ್ಳೆ ಎದ್ದ ಅಮೆರಿಕನ್ ಸ್ನೇಹಿತರು ಮಾವಿನ ಸಿಪ್ಪೆ ಕಚ್ಚಿ ತಿಂದರೆ ತುಟಿ ಊದುವುದುಂಟು. ಅವರಿಗೆ ಹಣ್ಣನ್ನು ಸಿಪ್ಪೆ ತೆಗೆದು ಹೋಳು ಮಾಡಿಯೇ ಕೊಡಿ. 1982ರ ಏಪ್ರಿಲಿನಲ್ಲಿ ಪೆನ್ಸಿಲ್ವೇನಿಯದಲ್ಲಿ ಮಕ್ಕಳ ಬೇಸ್‌ಬಾಲ್ ತಂಡದವರು ಚಂದಾ ಎತ್ತಲು ಗೋಡಂಬಿ ಪೊಟ್ಟಣ ಮಾರಿದರು. ಅದರಲ್ಲಿ ಸಿಪ್ಪೆಯ ಚೂರುಗಳು ಸೇರಿಹೋಗಿದ್ದವು. ತಿಂದವರಲ್ಲಿ 54 ಜನರಿಗೆ ಐವಿ ತಾಗಿದಂತೆಯೇ ಗುಳ್ಳೆ ಎದ್ದವು.

ಅಂಥ ಚೂರು ನಮ್ಮ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಲ್ಲ, ಅದರ ಹಿಂದೆ ಮಂಗಳೂರಿನ, ಕೊಲ್ಲಂನ ಹೆಂಗಸರಿದ್ದಾರೆ. 1920ರ ದಶಕದಿಂದೀಚೆಗೆ ಬೆಳೆದ ಗೇರುಬೀಜ ಕಾರ್ಖಾನೆಗಳಲ್ಲಿ ಸಾಲಾಗಿ ಕುಳಿತು ಬೀಜ ಒಡೆದವರು ಅವರು. ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಬಳಿದುಕೊಂಡು, ಒಂದು ತಿರುಳೂ ಮುರಿಯದಂತೆ ಸುತ್ತಿಗೆ ಹಾಕುತ್ತಿದ್ದರು. ಎಷ್ಟು ಬಳಿದರೂ ಬೆರಳುಗಳು ಕರಿಹಿಡಿದು ಸಿಪ್ಪೆ ಏಳುತ್ತಿದ್ದವು. ಅವರು ಬಿಸಾಡಿದ ಸಿಪ್ಪೆಯ ಎಣ್ಣೆಗೂ ಬೆಲೆ ಬಂತು. ಮಾರ್ಟಿಮರ್ ಹಾರ್ವಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಅದರಿಂದ ವಾರ್ನಿಷ್, ವಿದ್ಯುತ್ ತಂತಿಯ ಲೇಪ, ಮೋಟಾರು ಕಾರಿನ ಬ್ರೇಕಿನ ಪಟ್ಟಿ ಮಾಡುವ ಪೇಟೆಂಟುಗಳನ್ನು ಪಡೆದರು. ಕೈ ಸುಡುವ ಎಣ್ಣೆ ಬ್ರೇಕಿನ ಕಾವನ್ನು ತಡೆಯುವುದರಲ್ಲಿ ಗಟ್ಟಿಗ.

ಸುಮಾಕಿನ ನಿಜವಾದ ನೆಂಟ ನಮ್ಮ ನಾಡಿನಲ್ಲೂ ಒಬ್ಬನಿದ್ದಾನೆಂದು ಹುಡುಕುತ್ತಾ ತಿಳಿಯಿತು. ಬಯಲುಸೀಮೆಯ ಕುರುಚಲು ಕಾಡಿನಲ್ಲಿ, ಮುಳ್ಳುಳ್ಳ, ಎಲೆ ತಿಕ್ಕಿದರೆ ಪರಿಮಳ ಬರುವ ಒಂದು ಪೊದೆ. ಅದಕ್ಕೆ ರಸ್ ಮೈಸೂರೆನ್ಸಿಸ್ ಎಂದು ಮೈಸೂರಿನದೇ ಹೆಸರು. 2007ರಲ್ಲಿ ಅದನ್ನೂ ಬೇರೆ ಮನೆ ಮಾಡಿ ಸಿಯರ್ಸಿಯಾ ಎಂಬ ಕುಲಕ್ಕೆ ಸೇರಿಸಿದರು. ಎಲೆ ಐವಿಯಂತೆ ಮೂರು ಮೂರು, ಕಚ್ಚುವ ಸ್ವಭಾವವಿಲ್ಲ.

ವನಭೋಜನಕ್ಕೆ ಹೋಗುವ ತಾಯಂದಿರಿಗೆ ಎರಡು ಮಾತು. ರೋಮವುಳ್ಳ ಬಳ್ಳಿಯನ್ನು ಚಳಿಗಾಲದಲ್ಲಿ ಎಲೆಯಿಲ್ಲದಿದ್ದಾಗಲೂ ಮುಟ್ಟಬೇಡಿ, ಒಲೆಗಂತೂ ಹಾಕಲೇಬೇಡಿ, ಅದರ ಹೊಗೆ ಶ್ವಾಸಕೋಶಕ್ಕೆ ಹೋದರೆ ಅಪಾಯ. ತಾಗಿತೆಂದು ಗೊತ್ತಾದರೆ ಹತ್ತು ಹದಿನೈದು ನಿಮಿಷದೊಳಗೆ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ, ಬಟ್ಟೆ, ಬೂಟುಗಳನ್ನೂ ಬೇರೆಯಾಗಿ ಒಗೆಯಿರಿ. ಗುಳ್ಳೆಯ ನೀರು ಇನ್ನೊಬ್ಬರಿಗೆ ಅಂಟುವುದಿಲ್ಲ. ಅಂಟುವುದು ಬಟ್ಟೆಯ ಮೇಲಿನ ಎಣ್ಣೆ.

ಅಮ್ಮ ಊರಿಗೆ ಹೊರಡುವ ಮೊದಲು, ಆಗಸ್ಟ್ ಕೊನೆಯಲ್ಲಿ, ನಾವೆಲ್ಲ ಹೋಗಿ ಕೆಂಪು ಸುಮಾಕಿನ ನಾಲ್ಕು ಗೊಂಚಲು ಕೊಯ್ದು ತಂದೆವು. ಮೊದಲು ಅವರು ಒಂದು ಎಲೆಯನ್ನು ಬಿಳಿ ಕರವಸ್ತ್ರದಲ್ಲಿ ಜಜ್ಜಿ ಅರ್ಧ ದಿನ ಕಾದು ನೋಡಿದರು. ಕಪ್ಪಾಗಲಿಲ್ಲ. ಆಮೇಲೆ ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡಿದರು. ಬಣ್ಣ ಪುನರ್ಪುಳಿಯ ಸಾರಿನಷ್ಟು ಕೆಂಪಲ್ಲ, ರುಚಿ ಅದಕ್ಕೆ ಹತ್ತಿರ. ಗೋಡಂಬಿ ಒಗ್ಗದವರು ಇದನ್ನು ಕುಡಿಯದಿರುವುದು ಲೇಸು. ಬರುವ ವನಭೋಜನಕ್ಕೆ ಒಂದು ಪಾತ್ರೆ ಮಾಡಿ ತರುತ್ತೇವೆ, ಹಗ್ಗವನ್ನೂ ತರುತ್ತೇವೆ.

ಜುಬ್ಬವನ್ನು ಬಿಸಿನೀರಿನಲ್ಲಿ ಬೇರೆಯಾಗಿ ಮೂರು ಸಲ ಒಗೆದು ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಹುಡುಗನಿಗೆ ಈಗ ಅದು ಚಿಕ್ಕದಾಗಿದೆ. ಕಲೆ ಹಾಗೆಯೇ ಇದೆ.